ರಮಾಮಣಿಯವರ ಹೂಂ

ಎಂಆರ್‌ಐ ಕೋಣೆಯ ಕೆಲಸಕ್ಕೆ ಸೇರಿದ ಮೇಲೆ ನನಗೆ ಸಿಟ್ಟು ಜಾಸ್ತಿಯಾಗಿದೆ ಎಂದು ಕುರ್ಲಾದ ನಮ್ಮ ರೂಮಿನವರೆಲ್ಲ ದೂರುತ್ತಿದ್ದರು. ಆಗದೆ ಇನ್ನೇನು? ದಿನವಿಡೀ ಗಾಜಿನ ಈಚೆ ಕುಳಿತು, ಆಚೆ ಕೊಳವೆಯೊಳಗೆ ಮಲಗಿದವರಿಗೆ ಮೈಕಿನಲ್ಲಿ ‘ಅಲ್ಲಾಡಬೇಡಿ’ ಎನ್ನುವುದೇ ನನ್ನ ಉದ್ಯೋಗ. ಹಾಗೆಂದ ಕೂಡಲೇ ಮೂಗು ತುರಿಸಿಕೊಳ್ಳುವವರು, ಮೈಮೇಲೆ ಲೋಹ ಏನೂ ಇಲ್ಲ ಎಂದು ದೇವರಾಣೆ ಮಾಡಿ ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಬರುವವರು, ಇವರ ನಡುವೆ ಶಾಂತಮೂರ್ತಿಯಾಗಿರಲು ನಾನೇನು ಸನ್ಯಾಸಿಯಲ್ಲ. ಮಾಟುಂಗದಲ್ಲಿ ಮಾವನ ಹೋಟೆಲಿನ ಗಲ್ಲಾದ ಮೇಲೆ ಕೂರಲು ಒಪ್ಪದೆ ಎಕ್ಸ್‌ರೇ ಕೆಲಸ ಕಲಿತ ಶೇಖರ ನಾನು. ಗಿರಾಕಿಗಳ ಜೊತೆ ಹಲ್ಲುಗಿಂಜುತ್ತಾ ಮಾತಾಡುವುದು ನನ್ನಿಂದಾಗದು ಎಂದೇ ಆ ಗಲ್ಲಾ ಬಿಟ್ಟದ್ದು. ಕೊನೆಗೆ ಮಾತಾಡುವ ಕೆಲಸವೇ ಗಂಟುಬಿತ್ತು.

ನಾನು ಹೇಳುತ್ತಿರುವುದು ೧೯೯೨ರ ಮಳೆಗಾಲ ಮುಗಿಯುತ್ತಿದ್ದ ದಿನಗಳ ಮಾತು. ಮುಂಬಯಿಯಲ್ಲಿ ಆಗ ಇಂಥ ಯಂತ್ರಗಳು ಬೆರಳೆಣಿಕೆಯಷ್ಟು. ವಾರವಿಡೀ ಅದಕ್ಕೆ ತಲೆ ಮತ್ತು ಬೆನ್ನುಮೂಳೆಯದೇ ಕೆಲಸ. ಹೃದಯದ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ, ಏಕೆಂದರೆ ಹೃದಯ ಒಂದು ಕಡೆ ಸುಮ್ಮನಿರುವ ವಸ್ತುವಲ್ಲ. ತಾನೂ ಹೊಡೆದುಕೊಳ್ಳುತ್ತದೆ, ಉಸಿರಿನ ಜೊತೆ ಮೇಲೆ ಕೆಳಗೂ ಹೋಗುತ್ತದೆ. ಅದಕ್ಕೆ ರಕ್ತ ಕೊಡುವ ನಾಳಗಳೋ ಶಾವಿಗೆ ಎಳೆಗಿಂತ ತುಸು ದಪ್ಪ. ನಮ್ಮ ಡಾಕ್ಟರ್ ಸಾಹೇಬರು ಮಾತ್ರ ಹೊರದೇಶದಲ್ಲಿ ಈ ವಿದ್ಯೆಯನ್ನು ನೋಡಿ ಬಂದಿದ್ದರು. ಎದೆಗೆ ತಂತಿ ಅಂಟಿಸಿ ಯಂತ್ರವನ್ನು ಬಡಿತಕ್ಕೆ ಹೊಂದಿಸಬೇಕು. ರೋಗಿ ಉಸಿರು ಹಿಡಿದಿರುವಷ್ಟರಲ್ಲಿ ಒಂದು ಪದರದ ಚಿತ್ರ ತೆಗೆಯಬೇಕು. ಉಸಿರು ಬಿಟ್ಟು ಮತ್ತೆ ಹಿಡಿದಾಗ ಇನ್ನೊಂದು ಪದರ. ಪ್ರತಿ ಸಲವೂ ಉಸಿರು ಅದೇ ಮಟ್ಟದಲ್ಲಿ ನಿಲ್ಲಬೇಕು, ಇಲ್ಲದಿದ್ದರೆ ನಾಳ ಇದ್ದ ಜಾಗದಲ್ಲಿ ಒದ್ದೆ ಬೆರಳಿನಿಂದ ಒರೆಸಿದಂಥ ಮಸುಕು ಮಾತ್ರ ಉಳಿಯುತ್ತದೆ. ಈ ಪ್ರಯೋಗಕ್ಕೆಂದು ಅವರು ಆಸ್ಪತ್ರೆಯ ಆಡಳಿತದವರನ್ನು ಕಾಡಿ ಬೇಡಿ ಭಾನುವಾರದ ಬೆಳಗನ್ನು ಗಿಟ್ಟಿಸಿಕೊಂಡಿದ್ದರು. ಭಾನುವಾರ ನನಗೆ ಬಟ್ಟೆ ಒಗೆಯುವ ದಿನ ಎಂಬುದನ್ನು ಯಾರೂ ಕೇಳಲಿಲ್ಲ.

ಅಂಥ ಒಂದು ಭಾನುವಾರ ರಮಾಮಣಿಯವರು ಬಂದರು. ಅರವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು, ಇಸ್ತ್ರಿ ಮಾಡಿದ ಹತ್ತಿ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಕಾಂದಿವಲಿಯಿಂದ ಲೋಕಲ್ ಹಿಡಿದು ಒಬ್ಬರೇ ಬಂದಿದ್ದರು. ನಮ್ಮ ಆಯಾ ರುಕ್ಮಿಣಿಬಾಯಿ ಮರಾಠಿಯವಳು. ಜೊತೆಯಲ್ಲಿ ಯಾರಿದ್ದಾರೆ ಎಂದು ಎಲ್ಲರನ್ನೂ ಕೇಳುವಂತೆ ಇವರನ್ನೂ ಹಿಂದಿಯಲ್ಲಿ ಕೇಳಿದಳು, “ಸಾಥ್ ಮೇ ಕೌನ್ ಹೈ?” ಅವರು ಹಿಂದೆ ತಿರುಗಿ ನೋಡಿದರು, ಯಾರಾದರೂ ಇದ್ದರೂ ಇರಬಹುದು ಎನ್ನುವ ಹಾಗೆ. ಆಮೇಲೆ ತಲೆಯಲ್ಲಾಡಿಸಿದರು. ಎದೆನೋವಿನ ಪೇಷಂಟನ್ನು ಒಬ್ಬರನ್ನೇ ಕಳಿಸಿದವರು ಯಾರೋ ಎಂದು ನಾನು ಮನಸ್ಸಿನಲ್ಲೇ ಬೈದೆ. ಕಳಿಸಲಿಕ್ಕೂ ಮನೆಯಲ್ಲಿ ಯಾರೂ ಇಲ್ಲ ಎಂಬುದು ಆಗ ಗೊತ್ತಿರಲಿಲ್ಲ.

ಅವರ ಕಾಯಿಲೆ ಹೀಗಿತ್ತು. ಕಾಂದಿವಲಿ ಸ್ಟೇಷನ್ನಿನ ಬ್ರಿಡ್ಜ್ ಹತ್ತುವಾಗ ಎದೆಯನ್ನು ಯಾರೋ ಒಳಗಿನಿಂದ ಹಿಂಡಿದಂತಾಗುತ್ತಿತ್ತು. ಬೇರೆಯವರಿಗಾದರೆ ತೊಡೆಯಿಂದ ಸಣ್ಣ ನಳಿಕೆ ತೂರಿಸಿ, ಬಣ್ಣದ ಔಷಧಿ ಬಿಟ್ಟು, ಎಕ್ಸ್‌ರೇಯಲ್ಲಿ ನಾಳಗಳನ್ನು ನೋಡಿಬಿಡುತ್ತಾರೆ. ಇವರಿಗೆ ಆ ಔಷಧಿ ಆಗುವುದಿಲ್ಲ. ಹಿಂದೊಮ್ಮೆ ಮೂತ್ರಪಿಂಡದ ಕಲ್ಲು ನೋಡಲು ಅದನ್ನು ಕೊಟ್ಟಾಗ ಗಂಟಲು ಊದಿ ಜೀವ ಹೋಗಿ ಬಂದಿತ್ತಂತೆ. ಎಡಗಡೆಯ ದೊಡ್ಡ ನಾಳದ ಬುಡ ಕಿರಿದಾಗಿದೆ ಎಂದು ಹೃದಯದ ಡಾಕ್ಟರಿಗೆ ಅನುಮಾನ. ನಿಜವಾದರೆ ತಡಮಾಡದೆ ಆಪರೇಷನ್ ಆಗಬೇಕು. ಆದರೆ ಬರೀ ಅನುಮಾನದ ಮೇಲೆ ಎದೆ ಬಿಚ್ಚಲು ಸರ್ಜನ್ ಒಪ್ಪಿರಲಿಲ್ಲ. ಆ ಬುಡವನ್ನು ಕಣ್ಣಿಗೆ ಕಾಣಿಸಿಕೊಡುವುದು ನಮ್ಮ ಯಂತ್ರದ ಮೇಲೆ ಬಿತ್ತು.

ಹೆಸರು ನೋಡಿ ನಾನು ಕನ್ನಡದಲ್ಲೇ ಮಾತಾಡಿಸಿದೆ. “ಮೈಮೇಲೆ ಪಿನ್ನು, ಬಳೆ ಎಂತದೂ ಇರಬಾರದು ಅಮ್ಮ. ಎಲ್ಲ ತೆಗ್ದು ರುಕ್ಮಿಣಿಬಾಯಿ ಹತ್ರ ಕೊಡಿ.”

ಅವರು ನನ್ನನ್ನು ಎವೆಯಿಕ್ಕದೆ ನೋಡಿದರು. “ನೀವು ಮಂಗಳೂರ ಕಡೆಯವರಾ?”

“ಹೌದು. ಕಾಪು.”

“ನಾವು ಮೈಸೂರು. ನಮ್ಮ ಯಜಮಾನರು ಹೋದ್ಮೇಲೆ ಕನ್ನಡ ಮಾತಾಡೋರೇ ಸಿಕ್ಕಿರ್ಲಿಲ್ಲ ನೋಡಿ.”

ಮುಂಬಯಿಯಲ್ಲಿ ಕನ್ನಡದವರಿಗೇನು ಬರಗಾಲವೇ ಎಂದು ಕೇಳಬೇಕೆನಿಸಿತು. ಹೊತ್ತಾಗುತ್ತಿತ್ತು, ಕೇಳಲಿಲ್ಲ. ಎದೆಗೆ ತಂತಿ, ಹೊಟ್ಟೆಗೆ ಉಸಿರಿನ ಏರಿಳಿತ ತೋರಿಸುವ ಪಟ್ಟಿ, ಕೈಯಲ್ಲಿ ಭಯವಾದರೆ ಒತ್ತಿ ನಮ್ಮ ಕಡೆ ಗಂಟೆ ಬಾರಿಸಲಿಕ್ಕೆ ರಬ್ಬರಿನ ಬುರುಡೆ, ಎಲ್ಲ ಕೊಟ್ಟು ಕೊಳವೆಯೊಳಗೆ ಸೇರಿಸಿದೆ. ಪಾದಗಳಷ್ಟೇ ಹೊರಗೆ ಉಳಿದವು.

ಗಾಜಿನ ಈಚೆ ಬಂದು ಮೈಕಿನ ಗುಂಡಿ ಒತ್ತಿ, “ಉಸಿರು ತಗೊಳ್ಳಿ ಅಮ್ಮ, ಹಿಡ್ಕೊಳ್ಳಿ” ಎಂದೆ. ಯಂತ್ರ ಟಕಟಕ ಬಡಿಯಿತು. “ಬಿಡಿ” ಎಂದೆ. ಚಿತ್ರ ಬಂತು. ಪೂರ್ತಿ ಮಸುಕು. ಇನ್ನೊಂದು ತೆಗೆದೆವು, ಅದೂ ಹಾಗೇ. ಪರದೆಯ ಮೇಲೆ ಅವರ ಉಸಿರಿನ ಗೆರೆ ಚೆನ್ನಾಗಿ ಮೇಲೇರಿ, ನಾನು ‘ಹಿಡ್ಕೊಳ್ಳಿ’ ಎಂದ ಮರುಕ್ಷಣ ಸ್ವಲ್ಪ ಕುಸಿದು, ಆಮೇಲೆ ನಿಲ್ಲುತ್ತಿತ್ತು. ಕುಸಿಯುವುದು ಒಂದೊಂದು ಸಲ ಒಂದೊಂದು ಮಟ್ಟಕ್ಕೆ. ಡಾಕ್ಟರ್ ಸಾಹೇಬರು ಹಣೆ ಉಜ್ಜಿಕೊಂಡರು. ನಾನು ಮೈಕಿನಲ್ಲಿ ಸ್ವಲ್ಪ ಗದರಿಯೇ ಹೇಳಿದೆ, “ಹಿಡ್ಕೊಳ್ಳಿ ಅಂದ ಮೇಲೆ ಬಿಡುದೆಂತಕ್ಕೆ ಅಮ್ಮ? ಗಟ್ಟಿ ಹಿಡ್ಕೊಳ್ಳಿ ಮಾರಾಯ್ರೆ.” ಗದರಿದ ಮೇಲೆ ಕುಸಿತ ಇನ್ನಷ್ಟು ದೊಡ್ಡದಾಯಿತು.

ನಾನು ಗುಂಡಿ ಒತ್ತಿ ಮಾತಾಡುವಾಗ ಒಳಗಿನ ಸದ್ದು ನಮಗೆ ಕೇಳುವುದಿಲ್ಲ. ಗುಂಡಿ ಬಿಟ್ಟ ಮೇಲೆ ಯಂತ್ರದ ಬಡಿತದಲ್ಲಿ ಏನೂ ಕೇಳುವುದಿಲ್ಲ. ಹೀಗಾಗಿ ಬೆಳಗಿನ ಹೊತ್ತೆಲ್ಲ ಕಳೆದರೂ ಒಳಗೆ ನಡೆಯುತ್ತಿದ್ದುದು ನಮ್ಮ ಅರಿವಿಗೆ ಬರಲಿಲ್ಲ. ಕೊನೆಗೆ ತಲೆಕೆಟ್ಟು, ಯಂತ್ರ ನಿಲ್ಲಿಸಿ, ನಾನೇ ಒಳಗೆ ಹೋದೆ. ಅವರು ಮಲಗಿದ್ದ ಹಲಗೆಯನ್ನು ಹೊರಗೆಳೆದು ಪಕ್ಕದಲ್ಲಿ ನಿಂತು, “ಈಗ ನನ್ನೆದುರು ಒಮ್ಮೆ ಮಾಡಿ ತೋರಿಸಿ. ಉಸಿರು ತಗೊಳ್ಳಿ. ಹಿಡ್ಕೊಳ್ಳಿ” ಎಂದೆ.

“ಹೂಂ” ಎಂದರು ರಮಾಮಣಿಯವರು.

“ಹೂಂ ಅನ್ನಬಾರದು ಅಮ್ಮ. ಹೂಂ ಅಂದ್ರೆ ಉಸಿರು ಹೋಗ್ತದೆ.”

“ಹೂಂ.”

“ಅಯ್ಯೋ, ಅದನ್ನೇ ಅನ್ನಬೇಡಿ ಅಂತ ಹೇಳುದು ನಾನು.”

“ಹೂಂ, ಗೊತ್ತಾಯ್ತು.”

ನನಗೆ ನಗು, ಸಿಟ್ಟು ಎರಡೂ ಬಂದವು. ಇನ್ನೊಮ್ಮೆ ಮಾಡಿಸಿದೆ, ಇನ್ನೊಮ್ಮೆ ಹೂಂ. ಬಾಯಿ ಮುಚ್ಚಿಕೊಂಡಿರಿ ಎಂದರೆ ಮೂಗಿನಲ್ಲೇ ಹೂಂ. ಅವರ ಮುಖ ಬಾಡಿತು. “ನಾನು ಬೇಕೂಂತ ಅನ್ನಲ್ಲಪ್ಪ. ಯಾರಾದ್ರೂ ಕನ್ನಡದಲ್ಲಿ ಹೇಳಿದ್ರೆ ತಾನಾಗೇ ಬಂದ್ಬಿಡತ್ತೆ” ಎಂದರು. ಅಷ್ಟು ಹೊತ್ತಿಗೆ ಬೆನ್ನುಮೂಳೆಯ ಪೇಷಂಟು ಬಂದು ಹೊರಗೆ ಕಾಯುತ್ತಿದ್ದ. ಡಾಕ್ಟರ್ ಸಾಹೇಬರು ಮುಂದಿನ ಭಾನುವಾರ ಬರಲು ಹೇಳಿದರು.

ರುಕ್ಮಿಣಿಬಾಯಿ ಅವರಿಗೆ ಚಹಾ ತರಿಸಿಕೊಟ್ಟಳು. ನಾನೂ ಒಂದು ಲೋಟ ಹಿಡಿದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತೆ. ಆಗ ಕೇಳಿದ್ದು ಅವರ ಕಥೆ. ನಾನೇನೂ ಕೆದಕಲಿಲ್ಲ, ಅವರೂ ಕಷ್ಟ ಹೇಳಿಕೊಳ್ಳುವ ಧಾಟಿಯಲ್ಲಿ ಹೇಳಲಿಲ್ಲ.

ಮದುವೆಯಾಗಿ ಮುಂಬಯಿಗೆ ಬಂದಾಗ ಅವರಿಗೆ ಇಪ್ಪತ್ತೂ ತುಂಬಿರಲಿಲ್ಲ. ಗಂಡ ತಿರುಮಲೇಶ ಫೋರ್ಟಿನಲ್ಲಿ ಒಂದು ವಿಮಾ ಕಂಪನಿಯ ಗುಮಾಸ್ತ. ಮೊದಲು ಮಾಟುಂಗದಲ್ಲಿ ಬಾಡಿಗೆಯ ಕೋಣೆ, ಆಮೇಲೆ ಕಾಂದಿವಲಿಯಲ್ಲಿ ಸ್ವಂತದ್ದು. ಮಕ್ಕಳಾಗಲಿಲ್ಲ. ತಿರುಮಲೇಶ ಮಹಾ ಮಾತುಗಾರ. ಆಫೀಸಿನಿಂದ ಬಂದು ಚಪ್ಪಲಿ ಬಿಡುವಾಗ ಶುರುವಾದ ಮಾತು ದೀಪ ಆರಿಸುವವರೆಗೆ. ಮೇಲಧಿಕಾರಿಯ ದರ್ಪ, ಲೋಕಲ್‌ನಲ್ಲಿ ಆದ ಜಗಳ, ಮೈಸೂರಿನ ದಸರೆ, ಪೇಪರಿನಲ್ಲಿ ಬಂದದ್ದು, ಯಾವುದೂ ಬಿಟ್ಟಿದ್ದಿಲ್ಲ. ರಮಾಮಣಿಯವರ ಪಾಲಿಗೆ ಬಂದದ್ದು ಹೂಂಗುಟ್ಟುವುದು. ಸಾರಿಗೆ ಒಗ್ಗರಣೆ ಹಾಕುತ್ತಾ ಹೂಂ, ಹೂ ಕಟ್ಟುತ್ತಾ ಹೂಂ, ತೂಕಡಿಸುತ್ತಾ ಹೂಂ. ಒಂದು ಹೂಂ ತಪ್ಪಿದರೂ ಆತ ಮಾತು ನಿಲ್ಲಿಸಿ ಮುಖ ಊದಿಸಿಕೊಳ್ಳುತ್ತಿದ್ದ.

“ನಿಮಗೆ ಬೇಜಾರು ಬರ್ಲಿಲ್ವಾ?” ಎಂದು ಕೇಳಿದೆ. ನನಗಾದರೆ ವಾರದಲ್ಲಿ ಹುಚ್ಚು ಹಿಡಿಯುತ್ತಿತ್ತು.

“ಬರ್ದೇ ಏನು! ಎಷ್ಟೋ ಸಲ ಅನ್ಕೊಂಡಿದೀನಿ, ಇವರು ಒಂದು ದಿನ ಸುಮ್ಮನಿರ್ಬಾರ್ದಾ ಅಂತ.” ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವರು ನೆಲ ನೋಡಿದರು. “ಈಗ ನಾಲ್ಕು ವರ್ಷ ಆಯ್ತು, ಸುಮ್ಮನಿದಾರೆ.”

ಗಂಡ ಸತ್ತ ಮೇಲೆ ಮಾಟುಂಗಕ್ಕೆ ಹೋಗುವುದೂ ತಪ್ಪಿತು. ಕನ್ನಡ ಸಂಘದ ಸದಸ್ಯನಾಗಿದ್ದವನು ಆತ, ಪರಿಚಯಗಳೆಲ್ಲ ಆತನ ಮಾತಿನಿಂದ ಬಂದವು, ಆತನೊಡನೆಯೇ ಹೋದವು. ಆಚೆ ಈಚೆ ಮನೆಯವರು ಗುಜರಾತಿಗಳು, ಒಳ್ಳೆಯವರೇ, ಹಬ್ಬಕ್ಕೆ ತಿಂಡಿ ಕೊಟ್ಟು ಬಾಗಿಲಲ್ಲೇ ನಕ್ಕು ಹೋಗುತ್ತಾರೆ. ಹಿಂದಿ ಇವರಿಗೆ ಬರುತ್ತದೆ, ಆದರೆ ತರಕಾರಿ ಕೊಳ್ಳುವಷ್ಟು. ಕೆಲವು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೂ ಮಾತಾಡಿರುವುದಿಲ್ಲವಂತೆ. ಆಗ ಗಂಟಲು ಸರಿಯಾಗಿದೆಯೋ ಇಲ್ಲವೋ ನೋಡಲು ಸ್ತೋತ್ರ ಹೇಳಿಕೊಳ್ಳುತ್ತಾರಂತೆ. ಇದನ್ನು ಹೇಳಿ ಅವರೇ ನಕ್ಕರು. ನನಗೆ ನಗು ಬರಲಿಲ್ಲ. ಕುರ್ಲಾದ ರೂಮಿನ ಗಲಾಟೆಗೆ ದಿನಾ ಶಾಪ ಹಾಕುವವನು ನಾನು, ಆ ದಿನ ಅಲ್ಲಿಗೆ ಬೇಗ ಹೋಗೋಣ ಎನಿಸಿತು.

ಮುಂದಿನ ಭಾನುವಾರ ಅವರು ನಮಗಿಂತ ಮೊದಲೇ ಬಂದು ಬೆಂಚಿನ ಮೇಲೆ ಕುಳಿತಿದ್ದರು. ಈ ಸಲ ರೇಷ್ಮೆಯಂಚಿನ ಸೀರೆ. ನನಗೆಂದು ಡಬ್ಬಿಯಲ್ಲಿ ಹುರಿಗಡಲೆ ಚಟ್ನಿಪುಡಿ ತಂದಿದ್ದರು. ಪರೀಕ್ಷೆಗೆ ಬಂದವರಂತಿರಲಿಲ್ಲ, ನೆಂಟರ ಮನೆಗೆ ಬಂದವರಂತಿದ್ದರು. ಆದರೆ ವಾರದಲ್ಲಿ ಎದೆನೋವು ಹೆಚ್ಚಾಗಿತ್ತು. ಈಗ ಬ್ರಿಡ್ಜ್ ಬೇಕಾಗಿರಲಿಲ್ಲ, ಸ್ನಾನ ಮಾಡಿ ಸೀರೆ ಉಡುವಷ್ಟರಲ್ಲೇ ಬರುತ್ತಿತ್ತು. ಡಾಕ್ಟರ್ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, ಆ ನಾಳದ ಬುಡ ನಿಜವಾಗಿ ಕಿರಿದಾಗಿದ್ದರೆ ಯಾವ ಹೊತ್ತಿಗೆ ಬೇಕಾದರೂ ಮುಚ್ಚಿಕೊಳ್ಳಬಹುದು, ಇವತ್ತು ಚಿತ್ರ ಸಿಗಲೇಬೇಕು. ಅವರೇ ಒಂದು ಉಪಾಯವನ್ನೂ ಹುಡುಕಿದ್ದರು. ಹಿಂದಿಗೆ ಈಕೆ ಹೂಂಗುಟ್ಟುವುದಿಲ್ಲ ತಾನೆ? ಹಾಗಾದರೆ ಮೈಕಿನಲ್ಲಿ ರುಕ್ಮಿಣಿಬಾಯಿ ಮಾತಾಡಲಿ.

ರುಕ್ಮಿಣಿಬಾಯಿ ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ಕುಳಿತಳು. “ಸಾಂಸ್ ಲೋ ಮಾಜೀ. ರೋಕೋ.” ಗೆರೆ ಏರಿತು, ನಿಂತಿತು, ಕುಸಿಯಲಿಲ್ಲ. ಡಾಕ್ಟರ್ ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. ಅಷ್ಟರಲ್ಲಿ ಬುರುಡೆಯ ಗಂಟೆ ಬಾರಿಸಿತು. ನಾನು ಓಡಿಹೋಗಿ ಹಲಗೆ ಎಳೆದೆ. ರಮಾಮಣಿಯವರ ಹಣೆಯೆಲ್ಲ ಬೆವರು.

“ಶೇಖರ್, ನೀವು ಇದೀರಾ?”

“ಇಲ್ಲೇ ಇದ್ದೇನೆ ಅಮ್ಮ. ಎಂತ ಆಯ್ತು?”

“ಏನಿಲ್ಲ. ಇದೀರೋ ಇಲ್ವೋ ಅಂತ.”

ಸಮಾಧಾನ ಹೇಳಿ ಮತ್ತೆ ಒಳಗೆ ಬಿಟ್ಟೆವು. ಮತ್ತೆ ಗಂಟೆ. ಮೂರನೆಯ ಸಲಕ್ಕೆ ಅವರು ನನ್ನ ಕೈ ಹಿಡಿದುಕೊಂಡರು. “ನನ್ನನ್ನ ಬಿಟ್ಬಿಡೀಪ್ಪ. ನಿಮ್ಮ ಧ್ವನಿ ಇದ್ರೆ ಎಷ್ಟೊತ್ತು ಬೇಕಾದ್ರೂ ಇರ್ತೀನಿ. ಆ ಹಿಂದಿ ನನಗೆ ಹೇಳಿದ್ದು ಅನ್ಸಲ್ಲ. ಒಳಗೆ ನಾನೊಬ್ಬಳೇ ಇದ್ದ ಹಾಗಾಗತ್ತೆ. ಮನೇಲಾದ್ರೆ ತಡ್ಕೋತೀನಿ, ಇಲ್ಲಿ ಆಗಲ್ಲ.”

ನಾನು ಮಾತಾಡಿದರೆ ಚಿತ್ರ ಹಾಳು, ಮಾತಾಡದಿದ್ದರೆ ಅವರು ಒಳಗಿರುವುದಿಲ್ಲ. ಡಾಕ್ಟರ್ ಸಾಹೇಬರು ಗಡಿಯಾರ ನೋಡಿದರು. ಇನ್ನು ಸ್ವಲ್ಪ ಹೊತ್ತಿಗೆ ಯಂತ್ರ ಬೇರೆಯವರ ಪಾಲು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ನಲವತ್ತು ವರ್ಷದ ಹತ್ತಿರ ಇವರಿಗೆ ಹೂಂಗುಟ್ಟಿಸಿ ಸತ್ತ ಆ ತಿರುಮಲೇಶನ ಮೇಲೆ ಎಲ್ಲಕ್ಕಿಂತ ಹೆಚ್ಚು. ಅದೇ ಸಿಟ್ಟಿನಲ್ಲಿ ವಾಚು, ಬೆಲ್ಟು, ಪೆನ್ನು ಎಲ್ಲ ಬಿಚ್ಚಿ ಮೇಜಿನ ಮೇಲೆ ಹಾಕಿ, ಯಂತ್ರದ ಬಾಯಿಯ ಹತ್ತಿರ ಹೋಗಿ ನಿಂತೆ. ಡಾಕ್ಟರ್ ಸಾಹೇಬರಿಗೆ ಹೇಳಿದೆ, ನೀವೇ ಯಂತ್ರದ ಗುಂಡಿ ಒತ್ತಿ, ಗಾಜಿನಾಚೆಯಿಂದ ನನಗೆ ಕೈಸನ್ನೆ ಮಾಡಿ.

“ಅಮ್ಮ, ನಾನು ಇಲ್ಲೇ ಕಾಲ ಬುಡದಲ್ಲಿ ನಿಲ್ತೇನೆ, ಬಾಯಿ ಬಿಡುದಿಲ್ಲ. ನಿಮ್ಮ ಪಾದ ಒತ್ತಿ ಹಿಡ್ಕೊಂಡ್ರೆ ಉಸಿರು ಹಿಡ್ಕೊಳ್ಳಿ. ಒತ್ತುದು ಬಿಟ್ರೆ ಉಸಿರು ಬಿಡಿ. ಅಷ್ಟೇ.”

ಅವರು ಕಾಲು ಮುದುರಿಕೊಂಡರು. “ಅಯ್ಯಯ್ಯೋ, ನನ್ನ ಕಾಲು ಮುಟ್ತೀರಾ? ಬೇಡಪ್ಪ.”

“ನಮಸ್ಕಾರ ಮಾಡಿದೆ ಅಂತ ತಿಳ್ಕೊಳ್ಳಿ.”

ಇದನ್ನು ನಾನು ಹೇಳಬಾರದಿತ್ತು. ಹಲಗೆ ಒಳಗೆ ಹೋಯಿತು, ಸನ್ನೆ ಬಂತು, ನಾನು ಪಾದ ಒತ್ತಿದೆ. ಒಳಗಿನಿಂದ ಸ್ಪಷ್ಟವಾಗಿ ಕೇಳಿತು, “ನೂರು ವರ್ಷ ಸುಖವಾಗಿ ಬಾಳಪ್ಪ.” ಕಾಲು ಮುಟ್ಟಿದವನಿಗೆ ಆಶೀರ್ವಾದ ಮಾಡದೆ ಇರುವುದಾದರೂ ಹೇಗೆ? ಇನ್ನೊಂದು ಚಿತ್ರ ಹಾಳಾಯಿತು. ಗಾಜಿನಾಚೆ ಡಾಕ್ಟರ್ ಸಾಹೇಬರು ತಲೆಯ ಮೇಲೆ ಕೈಯಿಟ್ಟುಕೊಂಡರು.

“ಆಶೀರ್ವಾದ ಒಂದು ಸಲಕ್ಕೆ ಸಾಕು ಅಮ್ಮ” ಎಂದೆ. ಒಳಗಿನಿಂದ ಹೂಂ ಎಂದರು. ಆಮೇಲೆ ನಾನು ತುಟಿ ಬಿಚ್ಚಲಿಲ್ಲ.

ಅವರ ಪಾದ ತಣ್ಣಗಿತ್ತು, ಹಿಮ್ಮಡಿ ಒಡೆದಿತ್ತು. ಸನ್ನೆ ಬಂದಾಗ ಒತ್ತಿದೆ. ಯಂತ್ರ ಬಡಿಯಿತು. ಬಿಟ್ಟೆ. ಹೊಟ್ಟೆಯ ಪಟ್ಟಿ ಇಳಿಯಿತು, ಏರಿತು. ಮತ್ತೆ ಒತ್ತಿದೆ. ಬಿಟ್ಟಾಗಲೂ ಕೈ ತೆಗೆಯಲಿಲ್ಲ, ಸಡಿಲವಾಗಿ ಪಾದದ ಮೇಲೆಯೇ ಇಟ್ಟಿದ್ದೆ, ನಾನಿದ್ದೇನೆ ಎಂದು ಅವರಿಗೆ ಗೊತ್ತಿರಲಿ ಎಂದು. ಗಂಟೆ ಬಾರಿಸಲಿಲ್ಲ. ಮುದುರಿಕೊಂಡಿದ್ದ ಬೆರಳುಗಳು ಮೆಲ್ಲಗೆ ಬಿಡಿಸಿಕೊಂಡವು. ಪದರದ ಮೇಲೆ ಪದರ ತೆಗೆಯುತ್ತಾ ಹೋದೆವು. ಪಾದವೂ ಬೆಚ್ಚಗಾಗುತ್ತಾ ಬಂತು. ಅವರನ್ನು ಯಾರಾದರೂ ಮುಟ್ಟಿ ಎಷ್ಟು ಕಾಲವಾಗಿತ್ತೋ ಎಂಬ ಯೋಚನೆ ಬಂತು.

ಕೊನೆಗೆ ಡಾಕ್ಟರ್ ಸಾಹೇಬರು ಗಾಜಿನಾಚೆ ಎರಡೂ ಕೈಯೆತ್ತಿದರು. ಅವರ ಮುಖದಲ್ಲಿ ಸಂತೋಷವೂ ಇತ್ತು, ಕಳವಳವೂ ಇತ್ತು. ಎಡನಾಳದ ಬುಡ ಅಚ್ಚುಹಾಕಿದಂತೆ ಬಂದಿತ್ತು, ಹೊರಡುವ ಕಡೆಯೇ ದಾರ ಬಿಗಿದಂತೆ ಕಿರಿದಾಗಿತ್ತು. ಅನುಮಾನ ನಿಜವಾಗಿತ್ತು. ಹಲಗೆ ಹೊರಗೆಳೆದಾಗ ರಮಾಮಣಿಯವರ ಕಣ್ಣೀರು ಎರಡೂ ಕಡೆ ಇಳಿದು ಕಿವಿಯ ಬಳಿ ನಿಂತಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೆ ಅಲ್ಲಾಡಿದಂತಾಗುತ್ತದೆ ಎಂದು ಹಾಗೇ ಬಿಟ್ಟಿದ್ದರಂತೆ. ಇಷ್ಟು ವರ್ಷಗಳಲ್ಲಿ ನನ್ನ ಮಾತನ್ನು ಅಷ್ಟು ಚೆನ್ನಾಗಿ ಪಾಲಿಸಿದವರು ಇನ್ನೊಬ್ಬರಿಲ್ಲ.

ಗುರುವಾರ ಅವರು ಫಿಲ್ಮ್ ತೆಗೆದುಕೊಂಡು ಹೋಗಲು ಬಂದರು. ಅಷ್ಟರಲ್ಲಿ ಸರ್ಜನ್ ಚಿತ್ರ ನೋಡಿ ಮರುಮಾತಿಲ್ಲದೆ ಒಪ್ಪಿಯಾಗಿತ್ತು. ಸೋಮವಾರ ಆಪರೇಷನ್ ಎಂದು ಗೊತ್ತಾಗಿತ್ತು. ಕಾಲಿನಿಂದ ನಾಳ ತೆಗೆದು ಹೃದಯಕ್ಕೆ ಜೋಡಿಸುತ್ತಾರೆ, ಆಮೇಲೆ ಬ್ರಿಡ್ಜ್ ಹತ್ತಬಹುದು, ಇನ್ನೂ ಬಹಳ ವರ್ಷ ಬದುಕಬಹುದು ಎಂದು ಡಾಕ್ಟರ್ ಸಾಹೇಬರು ನನ್ನ ಬಾಯಿಂದ ಕನ್ನಡದಲ್ಲಿ ಹೇಳಿಸಿದರು. ಮೈಸೂರಿನಿಂದ ತಂಗಿಯ ಮಗ ನಾಲ್ಕು ದಿನದ ಮಟ್ಟಿಗೆ ಬರುತ್ತಾನಂತೆ. ರುಕ್ಮಿಣಿಬಾಯಿ ಅವರ ಕೆನ್ನೆ ಸವರಿ ನೆಟಿಕೆ ಮುರಿದಳು.

ನಾನು ಮುಂದಿನ ಪೇಷಂಟನ್ನು ಮಲಗಿಸಲು ಹೊರಟಿದ್ದೆ. ರಮಾಮಣಿಯವರು ಫಿಲ್ಮಿನ ದೊಡ್ಡ ಲಕೋಟೆಯನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಿದ್ದರು.

“ಈ ಭಾನುವಾರ ಬರ್ಬೇಕಾ ಶೇಖರ್? ಆಪರೇಷನ್ನಿಗೆ ಮುಂಚೆ ಇನ್ನೊಂದ್ಸಲ ನೋಡೋದೇನಾದ್ರೂ ಇರತ್ತಾ?”

“ಎಂತದೂ ಇಲ್ಲ ಅಮ್ಮ. ಇಷ್ಟು ಚಂದದ ಚಿತ್ರ ಇಲ್ಲಿವರೆಗೆ ಯಾರದ್ದೂ ಬರ್ಲಿಲ್ಲ. ಇನ್ನು ನೀವು ಇಲ್ಲಿಗೆ ಬರುದೇ ಬೇಡ” ಎಂದೆ, ದೊಡ್ಡ ಉಪಕಾರ ಮಾಡಿದವನ ಹಾಗೆ.

ಅವರು ಹೂಂ ಅನ್ನಲಿಲ್ಲ. ಲಕೋಟೆಯನ್ನು ಒಮ್ಮೆ ನೋಡಿ, ಮತ್ತೆ ನನ್ನನ್ನು ನೋಡಿ, “ನಾನು ಅಷ್ಟು ಚೆನ್ನಾಗಿ ಉಸಿರು ಹಿಡೀಬಾರ್ದಾಗಿತ್ತು” ಎಂದರು.